ಗೇರ್‌ಬಾಕ್ಸ್ ಆರಿಸಿದ ಸಾಹಿತ್ಯ ಸಮಿತಿ

ಗ್ರಂಥಗಳನ್ನು ಬಲ್ಲವರು ಯಂತ್ರಗಳ ಬಗ್ಗೆ ಅಭಿಪ್ರಾಯ ಹೇಳತೊಡಗಿದ ಕಡೆಯಲ್ಲೆಲ್ಲ ನಗೆಗೆ ಬರವಿರುವುದಿಲ್ಲ. ನಮ್ಮ ಬಳಗದಲ್ಲಿ ಅಂಥ ಅಭಿಪ್ರಾಯಗಳಿಗೂ ಬರವಿರಲಿಲ್ಲ.

ಎಪ್ಪತ್ತರ ದಶಕ ಮುಗಿಯುತ್ತಿದ್ದ ಕಾಲ. ನಾನು ಕನ್ನಡ ಎಂ.ಎ. ಮುಗಿಸಿ, ಚಾಮರಾಜಪೇಟೆಯ ಒಂದು ಸಣ್ಣ ಸಾಹಿತ್ಯ ಬಳಗದ ಕಾರ್ಯದರ್ಶಿಯಾಗಿದ್ದೆ. ಊರಿನ ಸುತ್ತಲ ಹಳ್ಳಿಗಳಿಗೆ ಪುಸ್ತಕ ಕೊಂಡೊಯ್ಯುವ ಸಂಚಾರಿ ಗ್ರಂಥಾಲಯವೊಂದನ್ನು ನಡೆಸಬೇಕೆಂಬುದು ನಮ್ಮ ಸಂಕಲ್ಪ. ಪುಸ್ತಕಗಳಿದ್ದವು, ಸಂಕಲ್ಪವೂ ಇತ್ತು. ಸಂಚಾರಕ್ಕೆ ಮಾತ್ರ ಏನೂ ಇರಲಿಲ್ಲ.

೧. ದಾನ

ಮಾಮೂಲ್‌ಪೇಟೆಯ ಹಗ್ಗದ ವ್ಯಾಪಾರಿಯೊಬ್ಬರು ತಮ್ಮ ಹಳೆಯ ಲಾರಿಯನ್ನು ನಮಗೆ ಕೊಡಲು ಒಪ್ಪಿದರು. ಅವರನ್ನು ಎಲ್ಲರೂ ಕರೆಯುತ್ತಿದ್ದುದು ಸಾಹುಕಾರರೆಂದು. ಲಾರಿ ಅಮೆರಿಕದ್ದು, ಗುಂಡು ಮೂತಿಯದು, ಅವರ ತಂದೆಯ ಕಾಲದ್ದು. ಪೆಟ್ರೋಲಿನ ಬೆಲೆ ಏರಿದ ಮೇಲೆ ಸಾಹುಕಾರರು ಅದರ ಮೂಲ ಎಂಜಿನ್ನನ್ನು ತೆಗೆಸಿ, ಸೆಕೆಂಡ್‌ಹ್ಯಾಂಡ್ ಡೀಸೆಲ್ ಎಂಜಿನ್ ಕೂರಿಸಿದ್ದರು. ಆದರೆ ಹೊಸ ಎಂಜಿನ್ನಿಗೂ ಹಳೆಯ ಗೇರ್‌ಬಾಕ್ಸಿಗೂ ಹೊಂದಿಕೆಯಾಗಲಿಲ್ಲ. ಅಷ್ಟರಲ್ಲಿ ಅವರಿಗೆ ಬೇಸರ ಬಂದು ಹೊಸ ಲಾರಿಯನ್ನೇ ಕೊಂಡುಬಿಟ್ಟರು.

“ಎಂಜಿನ್ ನಾನು ಹಾಕ್ಸಿದೀನಿ ಸ್ವಾಮಿ, ಗೇರ್‌ಬಾಕ್ಸ್ ನೀವು ಹಾಕ್ಸಿ. ಯುಗಾದಿ ದಿನ ಬೆಳಿಗ್ಗೆ ಹತ್ತು ಗಂಟೆಗೆ, ಪುಸ್ತಕ ತುಂಬ್ಕೊಂಡು, ಗವಿಪುರಂ ಏರು ಹತ್ತಿ ಸ್ಕೂಲ್ ಮೈದಾನಕ್ಕೆ ಬರ್ಬೇಕು. ಯಾರೂ ತಳ್ಬಾರ್ದು, ಎಳೀಬಾರ್ದು. ಬಂದ್ರೆ ಲಾರಿ ನಿಮ್ದು, ಡ್ರೈವರ್ ಸಂಬಳ ನಂದು. ಬರ್ಲಿಲ್ಲ ಅಂದ್ರೆ ಅವತ್ತೇ ಗುಜರಿಗೆ” ಎಂದರು.

ಈ ಷರತ್ತಿನಲ್ಲಿ ನಿಜವಾಗಿ ಸಿಕ್ಕಿಕೊಂಡವರು ನಾವಲ್ಲ, ಡ್ರೈವರು. ಇಪ್ಪತ್ತೆರಡು ವರ್ಷ ಅದೇ ಲಾರಿಯನ್ನು ಓಡಿಸಿದವರು ಅವರು. ಹೊಸ ಲಾರಿಗೆ ಸಾಹುಕಾರರು ಹರೆಯದವನೊಬ್ಬನನ್ನು ಆಗಲೇ ನೇಮಿಸಿಕೊಂಡಿದ್ದರು. ಹಳೆಯದು ಗುಜರಿಗೆ ಹೋದರೆ ಡ್ರೈವರು ಮನೆಗೆ ಹೋಗಬೇಕು. ಮನೆಯಲ್ಲಿ ಓದುತ್ತಿರುವ ಹೆಣ್ಣುಮಕ್ಕಳು ಇಬ್ಬರು. ಈ ಸಂಗತಿಯನ್ನು ಅವರು ನಮ್ಮೆದುರು ಒಮ್ಮೆ ಮಾತ್ರ ಹೇಳಿದರು, ಅದೂ ಟೈರಿನ ಗಾಳಿ ನೋಡುತ್ತ.

ನಮ್ಮ ಅಧ್ಯಕ್ಷರು ನಿವೃತ್ತ ಪಂಡಿತರು. ಓಲೆಗರಿಗಳನ್ನು ಪರಿಶೋಧಿಸಿ ಪ್ರಕಟಿಸಿದವರು. ಯಾವುದನ್ನೂ ಪರೀಕ್ಷಿಸದೆ ಸ್ವೀಕರಿಸುವವರಲ್ಲ. “ವಾಹನ ಸುಸ್ಥಿತಿಯಲ್ಲಿದೆ ತಾನೆ?” ಎಂದು ವಿಚಾರಿಸಿದರು.

ಸಾಹುಕಾರರು ಶಾಂತವಾಗಿ ಹೇಳಿದರು: “ಸುಸ್ಥಿತೀಲಿದ್ದಿದ್ರೆ ಹಗ್ಗ ಹೊರ್ತಿತ್ತು ಸ್ವಾಮಿ, ಸಾಹಿತ್ಯ ಯಾಕೆ ಹೊರ್ತಿತ್ತು?”

೨. ಮೂರು ಪೆಟ್ಟಿಗೆಗಳು

ಲಾರಿ ರಿಪೇರಿಯ ಮೇಸ್ತ್ರಿಯೊಬ್ಬರ ಷೆಡ್ಡು ಚಾಮರಾಜಪೇಟೆಯಲ್ಲೇ ಇತ್ತು. ಅಧ್ಯಕ್ಷರೂ ನಾನೂ ಡ್ರೈವರೂ ಹೋದಾಗ, ಅವರು ಗೋಣಿತಾಟಿನ ಮೇಲೆ ಮೂರು ಗೇರ್‌ಬಾಕ್ಸುಗಳನ್ನು ಸಾಲಾಗಿ ಇರಿಸಿ, ಹೆಣ್ಣು ತೋರಿಸುವ ಶಾಸ್ತ್ರಕ್ಕೆ ಕೂತವರಂತೆ ಒಂದೊಂದನ್ನೂ ಪರಿಚಯಿಸಿದರು.

“ಇದು ಈ ಲಾರೀದೇ ಹಳೇದು. ನಾಲ್ಕು ಗೇರು. ಕಬ್ಬಿಣ ಗಟ್ಟಿ. ಡೀಸೆಲ್ ಎಂಜಿನ್ನಿಗೆ ಕೂರ್ಬೇಕು ಅಂದ್ರೆ ನಡುವೆ ಒಂದು ಪ್ಲೇಟ್ ಕಡೆಸ್ಬೇಕು. ಓಟ ಎತ್ತಿನ ಗಾಡೀದು. ಇದು ಮಿಲಿಟರಿ ಹರಾಜಿಂದು. ಐದು ಗೇರು. ಬೆಟ್ಟ ಬೇಕಾದ್ರೂ ಎಳೆಯುತ್ತೆ. ಆದ್ರೆ ಉದ್ದ ಜಾಸ್ತಿ, ಹಿಂದಿನ ಶಾಫ್ಟ್ ಕುಯ್ದು ಗಿಡ್ಡ ಮಾಡ್ಬೇಕು. ಇದು ವ್ಯಾನಿಂದು. ನಾಲ್ಕು ಗೇರು, ನಿಮ್ ಎಂಜಿನ್ನಿನ ಜೋಡಿನೇ. ಬೋಲ್ಟ್ ಹಾಕಿದ್ರೆ ಮುಗೀತು. ಗೇರು ಬೆಣ್ಣೆ ಹಾಗೆ ಬೀಳುತ್ತೆ, ಓಟಾನೂ ಜೋರು. ಆದ್ರೆ ಫಸ್ಟ್ ಗೇರಿಗೆ ಎಳೆಯೋ ಶಕ್ತಿ ಕಮ್ಮಿ, ಹಗುರ ಲೋಡಿಗೆ ಮಾತ್ರ.” ಆಮೇಲೆ ಕೈ ಒರೆಸಿಕೊಳ್ಳುತ್ತ ಕೇಳಿದರು: “ನಿಮ್ ಲೋಡ್ ಎಷ್ಟು?”

ಅಧ್ಯಕ್ಷರು ಸಿದ್ಧವಾಗಿಯೇ ಬಂದಿದ್ದರು. “ಕಾದಂಬರಿ ಆರುನೂರು, ಕಾವ್ಯ ಮುನ್ನೂರು, ನಾಟಕ ಇನ್ನೂರೈವತ್ತು, ಜೀವನಚರಿತ್ರೆ...”

“ಟನ್ನಲ್ಲಿ ಹೇಳಿ ಸ್ವಾಮಿ.”

ಅಧ್ಯಕ್ಷರು ನನ್ನ ಮುಖ ನೋಡಿದರು. “ಕಾಗದ ತಾನೆ, ಹಗುರವಾಗಿಯೇ ಇರುತ್ತದೆ” ಎಂದು ನಾನು ವಿಶ್ವಾಸದಿಂದ ಹೇಳಿದೆ. ಅಲ್ಲಿಯವರೆಗೆ ನಾನು ಪುಸ್ತಕಗಳನ್ನು ಎತ್ತಿದ್ದುದು ಒಂದೊಂದಾಗಿ.

ಮೇಸ್ತ್ರಿ ಡ್ರೈವರ ಕಡೆ ತಿರುಗಿದರು. “ಸಿಮೆಂಟ್‌ನೋರು ಬರ್ತಾರೆ, ಮರಳಿನೋರು ಬರ್ತಾರೆ. ಲೋಡಿನ ಜಾತಕ ಪೂರ್ತಿ ಓದಿ ತೂಕ ಒಂದು ಹೇಳ್ದೆ ಇರೋರು ಇವರೇ ಮೊದ್ಲು.”

೩. ಗೊತ್ತುವಳಿ

ಬಳಗದ ನಿಯಮಾವಳಿಯ ಪ್ರಕಾರ ಯಾವ ಖರೀದಿಯೂ ಸಮಿತಿಯ ಮುಂದೆ ಬರಬೇಕು. ಎನ್.ಆರ್. ಕಾಲೋನಿಯ ಅಧ್ಯಕ್ಷರ ಮನೆಯಲ್ಲಿ ಏಳು ಜನ ಸೇರಿದೆವು. ಉಪ್ಪಿಟ್ಟು, ಕಾಫಿ, ಆಮೇಲೆ ಗೇರ್‌ಬಾಕ್ಸ್.

ಅಧ್ಯಕ್ಷರು ಲಾರಿಯ ಹಳೆಯ ಪೆಟ್ಟಿಗೆಯ ಪರವಾಗಿ ಮಾತನಾಡಿದರು. ಕೃತಿಯೊಂದನ್ನು ಸಂಪಾದಿಸುವವನು ಮೂಲಪಾಠವನ್ನು ಕಾರಣವಿಲ್ಲದೆ ಬದಲಿಸಬಾರದು; ಎಂಜಿನ್ನಿನ ಮಟ್ಟಿಗೆ ಈಗಾಗಲೇ ಒಂದು ಪ್ರಕ್ಷೇಪ ನಡೆದಿದೆ; ಇನ್ನೊಂದಕ್ಕೆ ತಾವು ಸಹಿ ಹಾಕುವುದಿಲ್ಲವೆಂದರು.

ನಮ್ಮಲ್ಲಿದ್ದ ಒಬ್ಬರೇ ಕವಿಗಳು ಮಿಲಿಟರಿ ಪೆಟ್ಟಿಗೆಯ ಪಕ್ಷ. ನಾಲ್ಕಕ್ಕಿಂತ ಐದು ಹೆಚ್ಚು ಎಂಬುದರಾಚೆಗೆ ಅವರ ವಾದ ಬೆಳೆಯಲಿಲ್ಲ. ಆದರೆ ಅದನ್ನು ಅವರು ಇಪ್ಪತ್ತು ನಿಮಿಷ ಮಂಡಿಸಿದರು. ಶಾಫ್ಟನ್ನು ಕತ್ತರಿಸಬೇಕಾಗುತ್ತದೆಂದು ನಾನು ನೆನಪಿಸಿದಾಗ, ಸಂಪಾದಕರು ತಮ್ಮ ಎಷ್ಟೋ ಪದ್ಯಗಳನ್ನು ಕತ್ತರಿಸಿದ್ದಾರೆ, ಯಾರಿಗೂ ಏನೂ ಆಗಿಲ್ಲ ಎಂದರು.

ನಾನು ವ್ಯಾನಿನ ಪೆಟ್ಟಿಗೆಯ ಗುಣದೋಷಗಳನ್ನು ಎರಡು ಅಂಕಣಗಳಲ್ಲಿ ಬರೆದು ತಂದಿದ್ದೆ. ಗುಣಗಳು ಒಂಬತ್ತು. ದೋಷ ಒಂದೇ ಆದ್ದರಿಂದ ಅದನ್ನು ಕೊನೆಯಲ್ಲಿ ಸಣ್ಣದಾಗಿ ಬರೆದಿದ್ದೆ. ಮತ ಹಾಕಿದಾಗ ಹಳೆಯದಕ್ಕೆ ಎರಡು, ಮಿಲಿಟರಿಯದಕ್ಕೆ ಎರಡು, ವ್ಯಾನಿನದಕ್ಕೆ ಮೂರು ಬಂದವು. ಬಹುಮತವನ್ನು ಅಧ್ಯಕ್ಷರು ಮೂಲ ಪೆಟ್ಟಿಗೆಯ ಬಗ್ಗೆ ವಿಷಾದ ಸೂಚಿಸುತ್ತ ಘೋಷಿಸಿದರು.

ಹೊರಗೆ ಬಂದಾಗ ಡ್ರೈವರು ಜಗಲಿಯ ಮೇಲೆ ಕಾಫಿ ಲೋಟ ಹಿಡಿದು ಕೂತಿದ್ದರು. ಈ ಎರಡು ಗಂಟೆಯಲ್ಲಿ ಅವರನ್ನು ಯಾರೂ ಏನೂ ಕೇಳಿಲ್ಲವೆಂಬುದು ನನಗೆ ಆಗ ಹೊಳೆಯಿತು. “ಈ ತೀರ್ಮಾನದ ಬಗ್ಗೆ ನೀವೇನು ಹೇಳುತ್ತೀರಿ?” ಎಂದೆ.

“ವೋಟ್ ಹಾಕೋಕೆ ಮುಂಚೆ ಕೇಳಿದ್ರೆ ಏನಾದ್ರೂ ಹೇಳ್ತಿದ್ದೆ ಸಾರ್” ಎಂದರು. “ಈಗ ಕೇಳಿದ್ರೆ, ಉಪ್ಪಿಟ್ಟು ಚೆನ್ನಾಗಿತ್ತು.”

೪. ಖಾಲಿ ಲಾರಿ

ಮೇಸ್ತ್ರಿ ಹೇಳಿದಂತೆಯೇ ವ್ಯಾನಿನ ಗೇರ್‌ಬಾಕ್ಸ್ ಎರಡೇ ದಿನದಲ್ಲಿ ಕೂತಿತು. ಮೂರನೆಯ ದಿನ ಬೆಳಿಗ್ಗೆ ಬಸವನಗುಡಿಯ ಬೀದಿಗಳಲ್ಲಿ ಪರೀಕ್ಷೆ. ಮುಂದಿನ ಸೀಟಿನಲ್ಲಿ ಡ್ರೈವರು, ಅಧ್ಯಕ್ಷರು, ನಾನು; ಹಿಂದುಗಡೆ ಏನೂ ಇಲ್ಲ.

ಹಳೆಯ ಪೆಟ್ಟಿಗೆಯಲ್ಲಿ ಗೇರು ಬದಲಿಸಬೇಕಾದರೆ ಕ್ಲಚ್ಚನ್ನು ಎರಡು ಸಲ ತುಳಿಯಬೇಕಿತ್ತು. ಇಪ್ಪತ್ತೆರಡು ವರ್ಷದ ಅಭ್ಯಾಸ. ಡ್ರೈವರು ಇದರಲ್ಲೂ ಎರಡು ಸಲ ತುಳಿದರು. ಗೇರು ಮೊದಲ ತುಳಿತಕ್ಕೇ ಸದ್ದಿಲ್ಲದೆ ಬಿದ್ದಾಗ ಲಿವರನ್ನು ಅನುಮಾನದಿಂದ ನೋಡಿದರು. ಲಾರಿ ಹಿತವಾಗಿ ಓಡಿತು. ಅಧ್ಯಕ್ಷರು ಕಿಟಕಿಯಿಂದ ಕೈ ಹೊರಗಿಟ್ಟು ಪರಿಚಯದವರಿಗೆಲ್ಲ ನಮಸ್ಕಾರ ಮಾಡುತ್ತಿದ್ದರು. “ಮೂಲಪಾಠದಲ್ಲಿ ಕೆಲವು ದೋಷಗಳಿದ್ದಿರಬಹುದು” ಎಂದು ಒಪ್ಪಿಕೊಂಡರು.

ಅಷ್ಟರಲ್ಲಿ ನಮ್ಮ ಮುಂದೆ ಹಾಲಿನ ಕ್ಯಾನು ಕಟ್ಟಿಕೊಂಡು ಹೋಗುತ್ತಿದ್ದ ಸೈಕಲ್ಲೊಂದನ್ನು ಲಾರಿ ದಾಟಿತು. ಡ್ರೈವರು ಗಾಡಿ ನಿಧಾನಿಸಿ ಹಿಂದೆ ನೋಡಿದರು. ಸೈಕಲ್ಲಿನವನೂ ಇಳಿದು ನಿಂತು ನಮ್ಮನ್ನೇ ನೋಡುತ್ತಿದ್ದ.

“ಪರಿಚಯದವರೆ?” ಎಂದೆ.

“ಹ್ಞೂ ಸಾರ್. ಹನ್ನೆರಡು ವರ್ಷದಿಂದ ದಿನಾ ನನ್ನ ಓವರ್‌ಟೇಕ್ ಮಾಡ್ತಾನೆ. ಪಾಪ, ಏನಾಯ್ತೋ ಅಂತ ಗಾಬರಿಯಾಗಿರ್ಬೇಕು.”

೫. ಕಟ್ಟುಗಳು

ಯುಗಾದಿಯ ದಿನ ಮೈದಾನದಲ್ಲಿ ಉದ್ಘಾಟನೆಯನ್ನೂ ಇಟ್ಟುಕೊಂಡು ಪುಸ್ತಕ ತುಂಬಿಸಿದೆವು. ಪಟ್ಟಿಯಲ್ಲಿದ್ದವು ಎರಡು ಸಾವಿರ. ಆದರೆ ಬೆಳಿಗ್ಗೆ ಸಮಿತಿಯ ಸದಸ್ಯರು ಒಬ್ಬೊಬ್ಬರಾಗಿ ಆಟೋದಲ್ಲಿ ಬಂದಿಳಿದು, ತಾವು ಸ್ವಂತ ಖರ್ಚಿನಲ್ಲಿ ಅಚ್ಚು ಹಾಕಿಸಿದ ಪುಸ್ತಕಗಳ ಕಟ್ಟುಗಳನ್ನೂ ಏರಿಸತೊಡಗಿದರು. ಹಳ್ಳಿಯ ಓದುಗನಿಗೆ ಒಳ್ಳೆಯದು ಮುಟ್ಟಲೆಂಬ ಆಸೆ ತಪ್ಪಲ್ಲ. ಅಟ್ಟದ ಮೇಲೆ ಜಾಗವಾಗಲೆಂದು ಅವರ ಮನೆಯವರಿಗೂ ಆಸೆಯಿತ್ತು. ಅಧ್ಯಕ್ಷರೊಬ್ಬರವೇ ಹದಿನಾಲ್ಕು ಕಟ್ಟುಗಳು.

ಗವಿಪುರಂ ಏರಿನ ಬುಡಕ್ಕೆ ಬಂದಾಗ ಒಂಬತ್ತೂವರೆ. ಡ್ರೈವರು ಫಸ್ಟ್ ಗೇರ್ ಹಾಕಿ ಹತ್ತಿಸಿದರು. ಹತ್ತು ಮಾರು ಏರಿದ ಲಾರಿ ನಡುಗಿ, ಕೆಮ್ಮಿ, ನಿಂತಿತು. ಇನ್ನೆರಡು ಸಲ ಪ್ರಯತ್ನಿಸಿದರು. ಎರಡೂ ಸಲ ಅದೇ ಜಾಗ. ನಾನು ಇಳಿದು ಚಕ್ರಗಳ ಹಿಂದೆ ಕಲ್ಲಿಟ್ಟೆ. ಏರಿನ ತುದಿಯಲ್ಲಿ ಸಾಹುಕಾರರು ನಿಂತಿರುವುದು ಕಾಣುತ್ತಿತ್ತು. ಪಕ್ಕದಲ್ಲಿ ಇನ್ನೊಬ್ಬರಿದ್ದರು.

“ಅವರು ಯಾರು, ಅತಿಥಿಗಳೆ?” ಎಂದೆ.

“ಗುಜರಿಯೋರು” ಎಂದರು ಡ್ರೈವರು. ಹಣೆ ಒರೆಸಿಕೊಂಡರು. “ಇಪ್ಪತ್ತು ಕಟ್ಟು ಇಳಿಸಿ ಸಾರ್, ನೋಡೋಣ.”

ಹಿಂದೆ ನಡೆದು ಬರುತ್ತಿದ್ದ ಸಮಿತಿ ಅಲ್ಲೇ ರಸ್ತೆಯಲ್ಲಿ ಸಭೆ ಸೇರಿತು. ಯಾರ ಕಟ್ಟುಗಳನ್ನು ಇಳಿಸಬೇಕು? ಕವಿಗಳು ಅಧ್ಯಕ್ಷರ ಸಂಪಾದಿತ ಕೃತಿಗಳ ದಪ್ಪವನ್ನು ಎತ್ತಿ ತೋರಿಸಿದರು. ಕವಿಗಳ ಸಂಕಲನಗಳು ತೆಳುವಾದರೂ ಪ್ರತಿಗಳು ಒಂದೂ ಖರ್ಚಾಗದೆ ಉಳಿದಿರುವುದನ್ನು ಅಧ್ಯಕ್ಷರು ಗಮನಕ್ಕೆ ತಂದರು. ಹಾಜರಿದ್ದವರ ಪುಸ್ತಕವನ್ನು ಇಳಿಸುವುದು ಅವಮಾನವೆಂಬ ವಿಷಯದಲ್ಲಿ ಮಾತ್ರ ಒಮ್ಮತವಿತ್ತು. ಕೊನೆಗೆ, ಆಕ್ಷೇಪಿಸಲು ಬದುಕಿಲ್ಲದವರ ಪುಸ್ತಕಗಳನ್ನು ಹುಡುಕಿ ಹುಡುಕಿ ಇಳಿಸಿದೆವು. ಕುಮಾರವ್ಯಾಸನ ಕಾಲದಿಂದ ಈಚೆಗೆ ಕನ್ನಡದಲ್ಲಿ ಮುಖ್ಯರೆನಿಸಿದವರೆಲ್ಲ ಹತ್ತು ನಿಮಿಷದಲ್ಲಿ ಗವಿಪುರಂನ ಚರಂಡಿ ಕಟ್ಟೆಯ ಮೇಲೆ ಕೂತಿದ್ದರು.

ಲಾರಿ ಆಗಲೂ ಏರಲಿಲ್ಲ. ಗೇರ್‌ಬಾಕ್ಸಿನ ಗತಿ ನೋಡಲೆಂದು ಬಂದಿದ್ದ ಮೇಸ್ತ್ರಿ, ಇಳಿಸಿದ್ದ ಕಟ್ಟೊಂದನ್ನು ಒಂದೇ ಕೈಯಲ್ಲಿ ಎತ್ತಹೋಗಿ ಭುಜ ಹಿಡಿದುಕೊಂಡರು. “ಇದನ್ನ ಹಗುರ ಅಂದೋರು ಯಾರು?”

ಯಾರೂ ನನ್ನ ಹೆಸರು ಹೇಳಲಿಲ್ಲ. ಎಲ್ಲರೂ ನನ್ನ ಕಡೆ ನೋಡಿದರು, ಅಷ್ಟೆ.

೬. ಏರು

ಹತ್ತಕ್ಕೆ ಎಂಟು ನಿಮಿಷವಿತ್ತು. ಅಧ್ಯಕ್ಷರು ಸಾಹುಕಾರರಲ್ಲಿ ಕಾಲಾವಕಾಶ ಕೋರಿ ಒಂದು ಮನವಿ ಬರೆಯಲು ನನಗೆ ಸೂಚಿಸಿದರು. ನಾನು ಪೆನ್ನು ತೆಗೆದೆ.

ಡ್ರೈವರು ಕೆಳಗಿಳಿದು, ಲಾರಿಯನ್ನು ಮುಂದಿನಿಂದ ಹಿಂದಿನವರೆಗೆ ಒಮ್ಮೆ ನೋಡಿದರು. ಆಮೇಲೆ “ಇಳಿಸಿದ್ದನ್ನೆಲ್ಲ ಏರ್ಸಿ ಸಾರ್” ಎಂದರು.

“ಏರಿಸುವುದೆ?”

“ಎಲ್ಲಾನೂ. ಪುಸ್ತಕ ತುಂಬ್ಕೊಂಡು ಅಂತ ತಾನೆ ಸಾಹುಕಾರ್ರು ಹೇಳಿರೋದು? ಬೇಗ.”

ಅವರ ದನಿಯಲ್ಲಿ ಏನಿತ್ತೋ, ಸಮಿತಿ ಚರ್ಚಿಸದೆ ಮಾಡಿದ ಮೊದಲ ಕೆಲಸ ಅದು. ಅಧ್ಯಕ್ಷರೂ ಪಂಚೆ ಎತ್ತಿಕಟ್ಟಿ ಎರಡು ಕಟ್ಟು ಹೊತ್ತರು, ಅವುಗಳಲ್ಲೊಂದು ಕವಿಗಳದಾಗಿತ್ತು. ಪುಸ್ತಕಗಳೆಲ್ಲ ಏರಿದ ಮೇಲೆ ಡ್ರೈವರು ನಾನಿಟ್ಟಿದ್ದ ಕಲ್ಲುಗಳನ್ನು ತೆಗೆಸಿ, ಲಾರಿಯನ್ನು ಬುಡದವರೆಗೂ ಮೆಲ್ಲಗೆ ಇಳಿಸಿದರು. ಅಲ್ಲಿನ ಅಡ್ಡರಸ್ತೆಯಲ್ಲಿ ಅದನ್ನು ತಿರುಗಿಸಿದರು. ಈಗ ಲಾರಿಯ ಮೂತಿ ಚಾಮರಾಜಪೇಟೆಯ ಕಡೆಗಿತ್ತು.

“ಮನೆಗೆ ಹೊರಟರೇನೋ” ಎಂದರು ಕವಿಗಳು, ಮೆಲುದನಿಯಲ್ಲಿ.

ಡ್ರೈವರು ಕುತ್ತಿಗೆಯನ್ನು ಕಿಟಕಿಯಿಂದ ಹೊರಗೆ ಚಾಚಿ, ಹಿಂದೆ ನೋಡುತ್ತ, ರಿವರ್ಸ್ ಗೇರ್ ಹಾಕಿದರು. ಲಾರಿ ಬೆನ್ನು ಮುಂದಾಗಿ ಏರು ಹತ್ತತೊಡಗಿತು. ನಡುಗಲಿಲ್ಲ, ಕೆಮ್ಮಲಿಲ್ಲ. ಬಸುರಿ ಹೆಂಗಸು ಮೆಟ್ಟಿಲು ಹತ್ತುವ ಹಾಗೆ, ಆತುರವಿಲ್ಲದೆ, ನಿಲ್ಲದೆ, ನಾವು ನಾಲ್ಕು ಸಲ ಸೋತಿದ್ದ ಜಾಗವನ್ನು ದಾಟಿ ಹೋಯಿತು. ಸಮಿತಿ ಅದರ ಮೂತಿಯನ್ನು ನೋಡುತ್ತ ಹಿಂದೆ ನಡೆಯಿತು. “ಫಸ್ಟಿಗಿಂತ ರಿವರ್ಸಿಗೆ ಎಳೆತ ಜಾಸ್ತಿ, ನಂಗೇ ಹೊಳೀಲಿಲ್ಲ” ಎಂದರು ಮೇಸ್ತ್ರಿ.

ಉದ್ಘಾಟನೆಯ ಟೇಪನ್ನು ಕಟ್ಟಿದ್ದುದು ಲಾರಿಯ ಹಿಂಬಾಗಿಲಿಗೆ. ಹೀಗಾಗಿ ಮೈದಾನದಲ್ಲಿ ಕಾದಿದ್ದ ಜನಕ್ಕೆ ಮೊದಲು ಬಂದದ್ದು ಟೇಪು, ಆಮೇಲೆ ಬಾಗಿಲು, ಆಮೇಲೆ ಲಾರಿ, ಕಡೆಯಲ್ಲಿ ನಾವು. ಮುಖ್ಯ ಅತಿಥಿಗಳು ತಾವು ನಿಂತಲ್ಲಿಂದ ಒಂದು ಹೆಜ್ಜೆಯೂ ಇಡದೆ ಟೇಪು ಕತ್ತರಿಸಿ, ಇಷ್ಟು ಅಚ್ಚುಕಟ್ಟಾದ ವ್ಯವಸ್ಥೆಯನ್ನು ಯಾವ ಸಾಹಿತ್ಯ ಸಮಾರಂಭದಲ್ಲೂ ಕಂಡಿಲ್ಲವೆಂದು ಕಾರ್ಯದರ್ಶಿಗಳನ್ನು ಅಭಿನಂದಿಸಿದರು.

ಸಾಹುಕಾರರು ಗಡಿಯಾರ ನೋಡಿಕೊಂಡರು. ಲಾರಿಯ ಸುತ್ತ ಒಂದು ಪ್ರದಕ್ಷಿಣೆ ಬಂದರು. ಬಾಗಿಲು ತೆಗೆಸಿ ಕಟ್ಟುಗಳು ತುಂಬಿರುವುದನ್ನು ನೋಡಿದರು. ಆಮೇಲೆ ಗುಜರಿಯವರಿಗೆ ಕೈಯಲ್ಲೇ ಹೋಗಿಬನ್ನಿ ಎಂದು ಸನ್ನೆ ಮಾಡಿ, ಡ್ರೈವರನ್ನು ಹತ್ತಿರ ಕರೆದರು.

“ನಾಳೆಯಿಂದ ಇವರ ಜೊತೇಲೇ ಇರು. ಸಂಬಳಕ್ಕೆ ಒಂದನೇ ತಾರೀಖು ಅಂಗಡಿಗೆ ಬಾ” ಎಂದರು. ಡ್ರೈವರು ತಲೆಯಾಡಿಸಿದರು. ತಲೆಗೆ ಕಟ್ಟಿದ್ದ ಟವೆಲ್ಲನ್ನು ಬಿಚ್ಚಿ ಮುಖವನ್ನು ಅಗತ್ಯಕ್ಕಿಂತ ಹೆಚ್ಚು ಹೊತ್ತು ಒರೆಸಿಕೊಂಡರು.

ಸಾಹುಕಾರರ ಕುತೂಹಲ ಮಾತ್ರ ತೀರಿರಲಿಲ್ಲ. “ಅಲ್ಲಯ್ಯ, ಮುಂದಕ್ಕೆ ನಾಲ್ಕು ಗೇರಿದ್ರೂ ಹತ್ತದೆ ಇರೋ ಲಾರಿ ಹಿಂದಕ್ಕೆ ಹೆಂಗಯ್ಯ ಹತ್ತಿತು?”

ಡ್ರೈವರು ಸಮಿತಿಯ ಕಡೆ ಒಮ್ಮೆ ನೋಡಿದರು. ನಾವು ಏಳೂ ಜನ ಕಿವಿಗೊಟ್ಟು ನಿಂತಿದ್ದೆವು.

“ಮುಂದಕ್ಕೆ ಹೋಗೋ ಗೇರುಗಳ ಮೇಲೆ ಇವರು ಎರಡು ಗಂಟೆ ಮೀಟಿಂಗ್ ಮಾಡಿದ್ರು ಸಾಹುಕಾರ್ರೇ” ಎಂದರು. “ರಿವರ್ಸ್ ಗೇರಿನ ವಿಷಯ ಮೀಟಿಂಗಿಗೆ ಬರ್ಲೇ ಇಲ್ಲ. ಅದಕ್ಕೇ ಅದೊಂದು ನೆಟ್ಟಗಿದೆ.”