ನಾಲ್ಕು ಬೆರಳಿನ ಚಿರತೆ

"ಊರಿಗೆಲ್ಲ ಕಣ್ಣು ಕೊಡೋನು ನಾನು! ನನ್ನ ಕಣ್ಣು ತಪ್ಪಿಸಿ ಈ ಬೀದೀಲಿ ಒಂದು ಸೊಳ್ಳೆ ಕೂಡ ಹಾರೋ ಹಾಗಿಲ್ಲ!"

ಭಾನುವಾರ ಬೆಳಗ್ಗೆ ಹಲ್ಲುಜ್ಜುವ ಬ್ರಷ್ಷನ್ನೇ ಖಡ್ಗದಂತೆ ಎತ್ತಿ ಹಿಡಿದು, ಕನ್ನಡಕದಂಗಡಿಯ ಯಜಮಾನರು ಹೀಗೆ ಘೋಷಿಸಿದರು. ಸಭೆಯಲ್ಲಿದ್ದವರು ಇಬ್ಬರೇ, ಹೆಂಡತಿ ಮತ್ತು ಅಮ್ಮ. ಹೆಂಡತಿ "ಮೊದಲು ಬಾಯಿ ತೊಳ್ಕೊಳ್ಳಿ" ಅಂದಳು.

ಘೋಷಣೆಗೆ ಕಾರಣವಿತ್ತು. ಊರ ಸುತ್ತಮುತ್ತ ಯಾವ ಪ್ರಾಣಿ, ಯಾವ ಪಕ್ಷಿ ಎಲ್ಲಿ ಕಂಡಿತು ಅಂತ ಫೋಟೊ ತೆಗೆದು ದಾಖಲಿಸುವ ಸ್ವಯಂಸೇವಕರ ಗುಂಪಿಗೆ ಯಜಮಾನರು ಸೇರಿದ್ದರು. ಎಲ್ಲಿ ಏನು ಬದುಕಿದೆ ಅಂತ ಗೊತ್ತಾದರೆ ತಾನೇ ಅದನ್ನು ಉಳಿಸುವುದು! ಗುಂಪಿನ ಮುಖ್ಯಸ್ಥೆ ನಿವೃತ್ತ ಜೀವಶಾಸ್ತ್ರದ ಟೀಚರ್. ಅವರದು ಒಂದೇ ಮಂತ್ರ: "ಕಂಡದ್ದನ್ನು ಬರೆಯಿರಿ, ಅಂದುಕೊಂಡದ್ದನ್ನಲ್ಲ." ಅಂಚೆಯವನು ಮುಂಗುಸಿ ಹಾಕಿದ್ದ, ನರ್ಸಮ್ಮ ಮಿಂಚುಳ್ಳಿ ಹಾಕಿದ್ದರು. ನಮ್ಮ ಯಜಮಾನರ ಸಾಧನೆ ಒಂದು ಕಾಗೆ, ಒಂದು ಅಳಿಲು, ಮತ್ತೆ ಅದೇ ಕಾಗೆ. ಒಮ್ಮೆ ಚರಂಡಿಯಲ್ಲಿ ಹೆಬ್ಬಾವು ಕಂಡು ಏದುಸಿರು ಬಿಡುತ್ತಾ ಫೋಟೊ ಹಾಕಿದ್ದರು. "ಇದು ಸೈಕಲ್ ಟೈರು. ಪ್ರಯತ್ನ ಮುಂದುವರಿಸಿ" ಅಂತ ಟೀಚರ್ ಉತ್ತರಿಸಿದರು. ಗುಂಪಿಗೆ ಗುಂಪೇ ನಕ್ಕಿತು. ಆ ನಗು ಯಜಮಾನರಿಗೆ ಇನ್ನೂ ಗಂಟಲಲ್ಲಿ ಮುಳ್ಳಾಗಿ ಕೂತಿತ್ತು.

ಬಾಯಿ ತೊಳೆಯಲು ಹಿತ್ತಲಿಗೆ ಹೋದವರು ಅಲ್ಲೇ ಮರಗಟ್ಟಿ ನಿಂತರು.

ಹಿತ್ತಲಿನ ಬಾಗಿಲಿಂದ ಹಿಂದಿನ ಗೋಡೆಯವರೆಗೆ ಕಿರಿದಾದ ಕಲ್ಲುಹಾಸು, ಅದರ ಎರಡೂ ಬದಿಗೆ ಹೂವಿನ ಪಾತಿ. ಪಾತಿಯ ಹಸಿ ಮಣ್ಣಿನಲ್ಲಿ ಸಾಲಾಗಿ ಹೆಜ್ಜೆಗಳು! ಒಂದೊಂದರಲ್ಲೂ ನಾಲ್ಕು ದುಂಡನೆಯ ಬೆರಳು. ಉಗುರಿನ ಗುರುತಿಲ್ಲ. ನಾಯಿಯಾದರೆ ಉಗುರು ಮೂಡುತ್ತದೆ, ಬೆಕ್ಕಿನ ಜಾತಿ ಉಗುರು ಬಚ್ಚಿಟ್ಟುಕೊಳ್ಳುತ್ತದೆ ಅಂತ ಟೀಚರೇ ಹೇಳಿಕೊಟ್ಟಿದ್ದರು. ಯಜಮಾನರು ಅಂಗೈ ಊರಿ ನೋಡಿದರು. ಹೆಜ್ಜೆ ಅಂಗೈಗಿಂತ ದೊಡ್ಡದು!

"ಚಿರತೆ!" ಅಂತ ಕಿರುಚಿದರು. ಬಾಯಲ್ಲಿದ್ದ ನೊರೆ ಅಂಗಿಯ ಮೇಲೆಲ್ಲ ಸಿಡಿಯಿತು.

ಹೆಂಡತಿ ಬಂದು ಬಗ್ಗಿ ನೋಡಿದಳು. "ಅಲ್ಲಾ ರೀ, ಈ ಬದೀಲಿ ಒಂದೇ ಸಾಲಿದೆ. ಚಿರತೆ ಕುಂಟಾಬಿಲ್ಲೆ ಆಡ್ಕೊಂಡು ಬಂತಾ?"

"ನಿನಗೇನು ಗೊತ್ತು! ಅದು ಮುಂಗಾಲು ಇಟ್ಟಲ್ಲೇ ಹಿಂಗಾಲು ಇಡುತ್ತೆ!"

"ಅಂಗಾಲಿನ ಗುರುತೇ ಇಲ್ವಲ್ಲ?"

"ತುದಿಗಾಲಲ್ಲಿ ಬಂದಿದೆ ಕಣೇ! ಕಳ್ಳ ಚಿರತೆ!"

ಇನ್ನು ವಾದ ಮಾಡಿ ಪ್ರಯೋಜನವಿಲ್ಲ ಅಂತ ಅವಳು ಒಳಗೆ ಹೋದಳು. ಸ್ನಾನ ಮುಗಿಸಿ ಬಂದು ನೋಡಿದರೆ ಅಡುಗೆಮನೆಯ ಕಪಾಟು ಖಾಲಿ ಹೊಡೆಯುತ್ತಿದೆ! ಟೀಚರ್ ಬಂದು ಪರೀಕ್ಷಿಸುವವರೆಗೆ ಗುರುತು ಅಳಿಸಬಾರದಲ್ಲ, ಒಂದೊಂದು ಹೆಜ್ಜೆಯ ಮೇಲೂ ಒಂದೊಂದು ಪಾತ್ರೆ ಬೋರಲು ಬಿದ್ದಿತ್ತು. ಕುಕ್ಕರಂತೂ ಗುಲಾಬಿ ಗಿಡದ ಬುಡದಲ್ಲಿ ತಪಸ್ಸಿಗೆ ಕೂತಿತ್ತು.

"ಇವತ್ತು ಅಡುಗೆ ಎಲ್ಲಿ ಮಾಡ್ಲಿ? ನಿಮ್ಮ ತಲೆ ಮೇಲಾ?"

"ದೇಶ ಉಳಿಸೋ ಕೆಲಸದಲ್ಲಿ ಒಂದು ಹೊತ್ತು ಉಪವಾಸ ಇದ್ರೆ ಏನೂ ಆಗಲ್ಲ!"

ಫೋಟೊ ಗುಂಪಿಗೆ ಹೋಯಿತು, ಗುಂಪಿನಿಂದ ಬೀದಿಗೆ ಹೋಯಿತು. ಮಧ್ಯಾಹ್ನದ ಹೊತ್ತಿಗೆ ಚಿರತೆಗೆ ಎರಡು ಮರಿಗಳೂ ಹುಟ್ಟಿದ್ದವು. ಯಜಮಾನರು ಹಿತ್ತಲ ಬಾಗಿಲಿಗೆ ಗುಂಡುಕಲ್ಲಿನಂಥ ಬೀಗ ಜಡಿದು ಕೀಲಿ ಜೇಬಿಗಿಳಿಸಿದರು.

"ಬೀಗ ಯಾಕೋ?" ಕುರ್ಚಿಯಲ್ಲಿದ್ದ ಅಮ್ಮ ಕೇಳಿದರು.

"ಚಿರತೆ ಬಂದಿದೆ ಅಮ್ಮ. ಅಂಗೈ ಮೀರಿದ ಹೆಜ್ಜೆ, ನಾಲ್ಕು ದುಂಡು ಬೆರಳು!"

ಅಮ್ಮ ತಮ್ಮ ನಾಲ್ಕು ಕಾಲಿನ ಊರುಗೋಲನ್ನು ಮೆಲ್ಲಗೆ ಕುರ್ಚಿಯ ಹಿಂದಕ್ಕೆ ಸರಿಸಿದರು. "ಬೀಗ ಯಾವಾಗ ತೆಗೀತೀಯ?"

"ಅದು ಸಿಗೋವರೆಗೂ ತೆಗೆಯಲ್ಲ. ನೀನು ಹೆದರಬೇಡ."

ಹೋದ ವರ್ಷ ಬಚ್ಚಲಲ್ಲಿ ಜಾರಿ ಬಿದ್ದ ಮೇಲೆ, ಯಾರಾದರೂ ಕೈ ಹಿಡಿಯದೆ ಅಮ್ಮ ಹೊಸ್ತಿಲು ದಾಟಬಾರದು ಅಂತ ಮಗ ಕಾನೂನು ಮಾಡಿದ್ದರು. ಪ್ರೀತಿಯಿಂದ ಮಾಡಿದ ಕಾನೂನೇ. ಆದರೆ ಕೈ ಹಿಡಿಯಬೇಕಾದ ಮಗ ಹಗಲೆಲ್ಲ ಅಂಗಡಿಯಲ್ಲಿ, ಸೊಸೆ ಆಫೀಸಿನಲ್ಲಿ. ಆ ರಾತ್ರಿ ಅಮ್ಮ ಬ್ರೆಡ್ಡಿನ ಚೂರನ್ನೂ ಮುಟ್ಟಲಿಲ್ಲ. ಪಾಪ, ಚಿರತೆಯ ಭಯ ಅಂದುಕೊಂಡರು ಮಗ.

ಮರುದಿನ ಸಂಜೆ ಟೀಚರ್ ಅಳತೆ ಟೇಪು ಹಿಡಿದು ಬಂದರು. ಬೀಗ ತೆಗೆಯಲಾಯಿತು. ಒಂದೊಂದೇ ಪಾತ್ರೆ ಎತ್ತಿ ಅಳೆದರು. ಅವರ ಹುಬ್ಬು ಗಂಟಿಕ್ಕಿತು.

"ವಿಚಿತ್ರ! ಎಲ್ಲಾ ಹೆಜ್ಜೆಯೂ ಅಚ್ಚು ಹೊಡೆದ ಹಾಗೆ ಒಂದೇ ಅಳತೆ. ಹೋಗುವಾಗ ಬಲಗಡೆ ಪಾತಿ, ವಾಪಸ್ ಬರುವಾಗ ಎಡಗಡೆ ಪಾತಿ. ಗೋಡೆ ಹತ್ತಿರ ತುಂಬಾ ಹೊತ್ತು ನಿಂತಿದೆ. ಇನ್ನೊಂದು ವಿಷಯ, ಇದು ಹೊರಗಿನಿಂದ ಬಂದಿಲ್ಲ. ನಿಮ್ಮ ಬಾಗಿಲಿಂದಲೇ ಹೊರಟಿದೆ."

"ಅಂದ್ರೆ ಚಿರತೆ ಮನೆ ಒಳಗಿದೆಯಾ!" ಯಜಮಾನರು ಬಟ್ಟೆ ಒಗೆಯುವ ಕಲ್ಲಿನ ಮೇಲೆ ಜಿಗಿದರು. "ನಾಳೇನೇ ಬೋನು ತರಿಸ್ತೀನಿ! ಗೋಡೆ ಎತ್ತರಿಸಿ ಮೇಲೆ ಮುಳ್ಳುತಂತಿ ಹಾಕಿಸ್ತೀನಿ!"

"ಗೋಡೆ ಎತ್ತರಿಸಬೇಡ ಕಣೋ!"

ಬಾಗಿಲಲ್ಲಿ ಅಮ್ಮ. ಅದೇ ಹೊತ್ತಿಗೆ ಗೋಡೆಯಾಚೆಯಿಂದ ಹಿಂದಿನ ಮನೆಯ ಅಜ್ಜಿಯ ದನಿ ಬಂತು. "ಏನೇ, ಮಧ್ಯಾಹ್ನ ಯಾಕೆ ಬರಲಿಲ್ಲ? ಕಾದು ಕಾದು ಕಾಲು ಬಿದ್ದೋಯ್ತು ನಂಗೆ!"

ಅಮ್ಮ ಕಲ್ಲುಹಾಸಿಗೆ ಕಾಲಿಟ್ಟರು. ಎರಡು ಪಾದಕ್ಕಷ್ಟೇ ಸಾಲುವ ಹಾಸು, ಬಲಗೈಯ ಊರುಗೋಲು ಪಾತಿಗೇ ಇಳಿಯಿತು. ಎತ್ತಿದಾಗ ಮಣ್ಣಲ್ಲಿ ನಾಲ್ಕು ದುಂಡು ಗುರುತು. ಟೀಚರ್ ಟೇಪು ಇಟ್ಟು ನೋಡಿದರು. ಕೂದಲೆಳೆಯಷ್ಟೂ ವ್ಯತ್ಯಾಸವಿರಲಿಲ್ಲ.

ಹೆಂಡತಿ ಕುಕ್ಕರನ್ನು ತಬ್ಬಿಕೊಂಡು ಕಣ್ಣಲ್ಲಿ ನೀರು ಬರುವಷ್ಟು ನಕ್ಕಳು.

"ಅಮ್ಮಾ! ಒಬ್ಬಳೇ ಇಳೀತಿದ್ಯಾ? ಬಿದ್ದಿದ್ರೆ ಏನು ಗತಿ?"

"ಬೀಳಲಿಲ್ವಲ್ಲ. ದಿನವಿಡೀ ಗೋಡೆ ನೋಡ್ಕೊಂಡು ಕೂರ್ತೀನಿ ಕಣೋ. ಈ ಹಿತ್ತಲ ಗೋಡೆ ಹತ್ರ ನಿಂತು ಅವಳ ಜೊತೆ ಎರಡು ಮಾತಾಡಿದ್ರೆ ಹೋದ ಜೀವ ಬಂದ ಹಾಗಾಗುತ್ತೆ. ಬೇಕಾದ್ರೆ ನನ್ನನ್ನ ಬೋನಿಗೆ ಹಾಕು. ಆ ಬೀಗಕ್ಕಿಂತ ಅದೇ ವಾಸಿ, ಕಂಬಿ ಸಂದಿಯಲ್ಲಿ ಹೊರಗಾದ್ರೂ ಕಾಣುತ್ತೆ."

ಯಜಮಾನರು ಕಲ್ಲಿನಿಂದ ಕೆಳಗಿಳಿದರು. ಎದೆಯೊಳಗೆ ಏನೋ ಚುರುಕ್ಕೆಂದಿತು. ಅಷ್ಟರಲ್ಲಿ ಜೇಬಿನ ಫೋನು ಟಿಣ್ಣೆಂದಿತು. ಗುಂಪಿಗೆ ಟೀಚರ್ ಅಲ್ಲೇ ನಿಂತು ವರದಿ ಹಾಕಿದ್ದರು:

"ಸ್ಥಳಪರಿಶೀಲನೆ ಆಯಿತು. ಚಿರತೆಯಲ್ಲ. ಹಲವು ವರ್ಷಗಳಿಂದ ಇಲ್ಲೇ ನೆಲೆಸಿರುವ ಜೀವ, ಯಾರಿಗೂ ಅಪಾಯವಿಲ್ಲ. ಅದರ ಓಡಾಟದ ದಾರಿಗೆ ಯಾರೂ ಅಡ್ಡಿ ಮಾಡತಕ್ಕದ್ದಲ್ಲ."

ಮರುದಿನ ಅಂಗಡಿಗೆ ಅರ್ಧ ದಿನ ರಜೆ. ಯಜಮಾನರು ಕಲ್ಲುಹಾಸಿನ ಉದ್ದಕ್ಕೂ ಹಿಡಿದು ನಡೆಯಲು ಕಬ್ಬಿಣದ ಕೊಳವೆ ಕೂರಿಸುತ್ತಾ ಮಂಡಿಯೂರಿ ಕೂತಿದ್ದರು. ಗೋಡೆಯ ಬಳಿ ಅಮ್ಮನ ದರ್ಬಾರು ನಡೆದಿತ್ತು.

"ನಿನ್ನ ಮಗ ಚಿರತೆ ನೋಡಿದ್ನಂತೆ?" ಆಚೆಯ ಅಜ್ಜಿ ಕೇಳಿದರು.

"ಹೂಂ ಕಣೇ," ಅಂದರು ಅಮ್ಮ, ಮಗನಿಗೆ ಕೇಳಲೆಂದೇ ಸ್ವಲ್ಪ ಜೋರಾಗಿ. "ಪಾಪ, ಅವನು ಕನ್ನಡಕ ಬರೀ ಮಾರ್ತಾನೆ. ಹಾಕ್ಕೊಳ್ಳಲ್ಲ."

ಯಜಮಾನರು ಇನ್ನೊಂದು ಸ್ಕ್ರೂ ತಿರುಗಿಸಿದರು.