ಪುಡಿ ಎರಚಿ ಮರೆಯಾಗುವ ವಿದ್ಯೆ

ನಿವೃತ್ತಿಯಾದ ಮೇಲೆ ಕೆಲವರು ತೀರ್ಥಯಾತ್ರೆಗೆ ಹೋಗುತ್ತಾರೆ. ಕೆಲವರು ಅಂಗಳದಲ್ಲಿ ಬಸಳೆ ಬೆಳೆದು, ನೆರೆಯವರು ಬೇಡವೆಂದರೂ ಕೊಟ್ಟು ಬರುತ್ತಾರೆ. ನಾನು ಕಳ್ಳನಾದೆ. ಗಾಬರಿಯಾಗಬೇಡಿ, ಕಂಪ್ಯೂಟರಿನ ಆಟದಲ್ಲಿ. ಆದರೂ ಹೇಳಿಕೊಳ್ಳಲು ಸಂಕೋಚವೇ. ಏಕೆಂದರೆ ನೌಕರಿಯಲ್ಲಿದ್ದಷ್ಟು ಕಾಲ ನನ್ನದು ತಪಾಸಣೆಯ ಕೆಲಸ. ಶಿರಸಿ, ಸಿದ್ದಾಪುರ, ಯಲ್ಲಾಪುರ ಎಂದು ಸುತ್ತಿ, ಸಹಕಾರಿ ಸಂಘಗಳ ಗೋದಾಮಿನಲ್ಲಿ ಗೊಬ್ಬರದ ಚೀಲ ನಿಜವಾಗಿ ಇದೆಯೋ ಇಲ್ಲವೋ ಎಂದು ಮುಟ್ಟಿ ನೋಡಿ ಬರುತ್ತಿದ್ದೆ. ನನ್ನ ಕಣ್ಣು ತಪ್ಪಿಸುವುದು ಕಷ್ಟ ಎಂದು ಜನ ಹೇಳುತ್ತಿದ್ದರು. ಹಾಗೆ ಹೇಳುತ್ತಾರೆಂದು ನಾನೇ ಮನೆಯಲ್ಲಿ ಆಗಾಗ ಹೇಳುತ್ತಿದ್ದೆ.

ನೌಕರಿ ಮುಗಿದರೂ ತಪಾಸಣೆಯ ಚಾಳಿ ಮುಗಿಯಲಿಲ್ಲ. ಇಸಳೂರಿನ ನಮ್ಮ ಮನೆಯಲ್ಲಿ ಫ್ರಿಜ್ಜಿನ ಬಾಗಿಲು ಎಷ್ಟು ಹೊತ್ತು ತೆರೆದಿತ್ತು, ತೆಂಗಿನಕಾಯಿ ಅರ್ಧ ಸಾಕಿದ್ದಲ್ಲಿ ಇಡೀ ಏಕೆ ಒಡೆದದ್ದು ಎಂದೆಲ್ಲ ವಿಚಾರಿಸುತ್ತ ಓಡಾಡುತ್ತಿದ್ದೆ. ಹೆಂಡತಿ ವಿಜಯಾ ಒಂದು ತಿಂಗಳು ಸಹಿಸಿದಳು. ಆಮೇಲೊಂದು ದಿನ ಯಲ್ಲಾಪುರದಲ್ಲಿ ಕಂಪ್ಯೂಟರ್ ರಿಪೇರಿ ಅಂಗಡಿ ಇಟ್ಟಿರುವ ಅವಳ ತಮ್ಮ ರಘು ಮನೆಗೆ ಬಂದ. "ಭಾವ, ನಿಂಗಕ್ಕೆ ಹೊತ್ತು ಹೋಗವಲ" ಎಂದು ನನ್ನ ಕಂಪ್ಯೂಟರಿಗೆ ಆ ಆಟವನ್ನು ಹಾಕಿಕೊಟ್ಟ. ಕಿಟಕಿಯ ಪರದೆ ಎಳೆದು, ಕಿವಿ ಪೂರ್ತಿ ಮುಚ್ಚುವ ಹೆಡ್‌ಫೋನ್ ಹಾಕಿಕೊಂಡು ಆಡಬೇಕು, ಇಲ್ಲದಿದ್ದರೆ ಕಾವಲುಗಾರರ ಹೆಜ್ಜೆಯ ಸದ್ದು ಕೇಳುವುದಿಲ್ಲ ಎಂದು ಹೇಳಿದ. ಹೆಡ್‌ಫೋನನ್ನೂ ಅವನೇ ತಂದಿದ್ದ. ಎಂಥ ಭಾವಮೈದ ಎಂದು ನನಗೆ ಕಣ್ಣು ತುಂಬಿ ಬಂತು.

ಆಟದಲ್ಲಿ ಒಂದು ಕೋಟೆ, ಕೋಟೆಯ ತುಂಬ ಕಾವಲುಗಾರರು. ಕಳ್ಳನಿಗೆ ಎರಡೇ ವಿದ್ಯೆ. ನೆರಳಿನಲ್ಲಿ ಮರೆಯಾಗುವುದು ಒಂದು. ಯಾರಾದರೂ ನೋಡಿಬಿಟ್ಟರೆ ಅವರ ಕಣ್ಣಿಗೆ ಪುಡಿ ಎರಚುವುದು ಇನ್ನೊಂದು. ಪುಡಿ ಬಿದ್ದವನು ಸ್ವಲ್ಪ ಹೊತ್ತು ಕುರುಡನಂತೆ ತಡಕಾಡುತ್ತಾನೆ. ಇಷ್ಟೇ ತಾನೇ ಎಂದುಕೊಂಡು ಕೋಟೆಗೆ ನುಗ್ಗಿದ ನಾನು ಮೊದಲ ಬಾಗಿಲಿನಲ್ಲೇ ಸತ್ತೆ. ಮರುದಿನವೂ ಅದೇ ಬಾಗಿಲಿನಲ್ಲಿ ಸತ್ತೆ. ಪುಡಿ ಎರಚಿದ ಮೇಲೆ, ಅದು ಅವನ ಕಣ್ಣಿಗೆ ಸರಿಯಾಗಿ ಬಿತ್ತೋ ಇಲ್ಲವೋ ಎಂದು ಎದುರಿಗೇ ನಿಂತು ಪರಿಶೀಲಿಸುವುದು ನನ್ನ ಪದ್ಧತಿಯಾಗಿತ್ತು. ಅಷ್ಟರಲ್ಲಿ ಅವನಿಗೆ ಮತ್ತೆ ಕಣ್ಣು ಕಾಣುತ್ತಿತ್ತು.

ರಘುವಿಗೆ ಫೋನ್ ಮಾಡಿ ಆಟವೇ ಸರಿಯಿಲ್ಲ ಎಂದೆ.

"ಆಟ ಸರಿ ಇದ್ದು ಭಾವ. ಪುಡಿ ಎರಚದು ಹೊಡೆಯಲೆ ಅಲ್ಲ, ಅಡಗಲೆ. ಅವಂಗೆ ಕಣ್ಣು ಕಾಣದಿದ್ದಾಗ ನಿಂಗ ಅಲ್ಲಿ ನಿಲ್ಲಡಿ, ಮತ್ತೆ ನೆರಳಿಗೆ ಹೋಗಿ. ಯಾರೂ ನೋಡದೇ ಇಪ್ಪಾಗ ಸುಮ್ನೆ ಎರಚಡಿ. ಕಳ್ಳ ಬಂದಿದ್ದ ಹೇಳಿ ಅವಕ್ಕೆ ಗೊತ್ತಾಗ್ತು."

ಈ ಉಪದೇಶದಿಂದ ನನಗೆ ಆಟ ತಿಳಿಯಿತು, ಜೊತೆಗೆ ಲೋಕವೂ ಸ್ವಲ್ಪ ತಿಳಿಯಿತು. ನಮ್ಮ ಬಡಾವಣೆಯ ರಸ್ತೆಯಲ್ಲಿ ಹೊಂಡ ಬಿದ್ದಿದ್ದಾಗ ನಾವೊಂದಿಷ್ಟು ಜನ ಊರ ಮುಖಂಡರೊಬ್ಬರನ್ನು ಜೋರಾಗಿಯೇ ಕೇಳೋಣವೆಂದು ಹೋಗಿದ್ದೆವು. ಅವರು ನಮ್ಮನ್ನು ಕಂಡವರೇ "ಹಿರಿಯರು ಬಂದಿದ್ದೀರಿ" ಎಂದು ಸಾಲಾಗಿ ನಿಲ್ಲಿಸಿ ಶಾಲು ಹೊದಿಸಿದರು. ಫೋಟೋದವನು ಫಳ್ ಫಳ್ ಎಂದು ಬೆಳಕು ಬಿಟ್ಟ. ನಾವು ಕಣ್ಣು ಉಜ್ಜಿಕೊಂಡು, ಶಾಲು ಸರಿಮಾಡಿಕೊಂಡು ನೋಡುವಾಗ ಮುಖಂಡರು ಹಿಂಬಾಗಿಲಿನಿಂದ ಹೋಗಿ ಕಾರು ಹತ್ತಿಯಾಗಿತ್ತು. ಶಾಲು ಒಳ್ಳೆಯದಿತ್ತು ಎಂದು ಮಾತಾಡುತ್ತ ನಾವು ಅದೇ ಹೊಂಡ ಹಾರಿ ಮನೆಗೆ ಬಂದೆವು. ಆ ಮನುಷ್ಯ ಯಾವ ಆಟವನ್ನೂ ಆಡಿ ಕಲಿತವರಲ್ಲ. ಎರಚುವುದಕ್ಕೂ ಮರೆಯಾಗುವುದಕ್ಕೂ ನಡುವೆ ಒಂದು ಉಸಿರಿನಷ್ಟೂ ಬಿಡುವು ಕೊಡದ ಅವರ ಕೈಚಳಕಕ್ಕೆ ನಾನು ಈಗ ಮನಸ್ಸಿನಲ್ಲೇ ಕೈಮುಗಿದೆ.

ಅಲ್ಲಿಂದ ಮುಂದೆ ನನ್ನ ಕಳ್ಳತನ ಕೈಹತ್ತಿತು. ಊಟ ಮುಗಿಸಿ ಕೋಣೆ ಸೇರಿದರೆ ಸಂಜೆಯ ಚಹಾದವರೆಗೂ ಹೊರಗೆ ಬರುತ್ತಿರಲಿಲ್ಲ. ಕೋಟೆಯ ಮೂರನೆಯ ಅಂತಸ್ತಿನಲ್ಲಿ ಕಾವಲುಗಾರ ಕೆಮ್ಮಿದರೂ ನನಗೆ ಕೇಳುತ್ತಿತ್ತು. ವಿಜಯಾ ಒಂದು ದಿನವೂ ಆಕ್ಷೇಪಿಸಲಿಲ್ಲ. "ಇವತ್ತು ಎಲ್ಲಿವರೆಗೆ ಹೋದಿ?" ಎಂದು ಆಸಕ್ತಿಯಿಂದ ಕೇಳಿ ಲೋಟ ಕೈಗಿಡುತ್ತಿದ್ದಳು.

ಈ ನಡುವೆ ನನ್ನನ್ನು ಒಂದೇ ಚಿಂತೆ ಕಾಡಿತು. ಶನಿವಾರ ದೇವಸ್ಥಾನಕ್ಕೆಂದು ಕಾರು ತೆಗೆದರೆ ಸ್ಟೀರಿಂಗು ಹೊಟ್ಟೆಗೆ ಒತ್ತುತ್ತಿತ್ತು. ಮೊಣಕಾಲು ಮಡಚಿ ಹೇಗೋ ಕೂರಬೇಕಾಗುತ್ತಿತ್ತು. ಕೂತು ಆಡಿ ಆಡಿ ಹೊಟ್ಟೆ ಬಂದಿದೆ ಎಂದುಕೊಂಡೆ. ವಿಜಯಾಳನ್ನು ಕೇಳಿದರೆ ಅವಳು ನನ್ನನ್ನು ಮೇಲಿಂದ ಕೆಳಗೆ ನೋಡಿ, "ಹೌದು, ಸ್ವಲ್ಪ ಬಂದಂಗೆ ಕಾಣ್ತು" ಎಂದಳು. ಅವತ್ತಿನಿಂದ ಅನ್ನ ಕಡಿಮೆ ಮಾಡಿದೆ. ಹಪ್ಪಳ ಬಿಟ್ಟೆ. ಆದರೂ ಸ್ಟೀರಿಂಗು ಒತ್ತುವುದು ನಿಲ್ಲಲಿಲ್ಲ.

ಒಂದು ಬೆಳಿಗ್ಗೆ ಶಿರಸಿ ಪೇಟೆಯ ಹೊಟೇಲಿನಲ್ಲಿ ಸಕ್ಕರೆಯಿಲ್ಲದ ಚಹಾ ಕುಡಿಯುತ್ತಿದ್ದಾಗ ಎದುರಿನ ಮೇಜಿನಿಂದ ಒಬ್ಬರು ಎದ್ದು ಬಂದರು. ಬನವಾಸಿ ಕಡೆಯ ಬಸಣ್ಣ, ಕಾರು ಕಲಿಸುವ ಶಾಲೆಯವರು. ಮುಖಪರಿಚಯ ಮಾತ್ರ ಇತ್ತು.

"ನಮಸ್ಕಾರ್ರಿ ಸರ. ಅಕ್ಕಾರ ಲೈಸೆನ್ಸ್ ಮನೀಗೆ ಬಂತೇನ್ರಿ?"

"ಯಾವ ಅಕ್ಕಾರು?" ಎಂದೆ.

"ನಿಮ್ಮ ಮನೀಯವರ್ರಿ. ಮೊದಲನೇ ಸಲಕ್ಕೇ ಪಾಸಾದ್ರು. ರಿವರ್ಸ್ ಅಂತೂ ಏನ್ ತಗೀತಾರ್ರಿ, ನಮ್ಮ ಹುಡುಗರಿಗೂ ಹಂಗ ಬರಂಗಿಲ್ಲ. ಕೊನೀಗೆ ನಿಮ್ಮ ಕಾರೊಳಗೇ ಪ್ರ್ಯಾಕ್ಟೀಸ್ ಮಾಡಿಸಿದೆ ನೋಡ್ರಿ. ಸೀಟು ಸ್ವಲ್ಪ ಮುಂದ ಎಳಕೊಂಡ್ರ ಅವರಿಗೆ ಬರೋಬ್ಬರಿ ಆಗ್ತದ."

ನಾನು ತಣ್ಣಗಾದ ಚಹಾವನ್ನು ಹಾಗೇ ಬಿಟ್ಟು ಮನೆಗೆ ಬಂದೆ. ವಿಜಯಾಗೆ ಕಾರು ಕಲಿಯುವ ಆಸೆ ಇದ್ದದ್ದು ನನಗೆ ಗೊತ್ತಿತ್ತು. ಅವಳು ಸಿದ್ದಾಪುರದ ಮಹಿಳೆಯರ ತಾಳಮದ್ದಳೆ ಕೂಟದಲ್ಲಿ ಅರ್ಥ ಹೇಳುತ್ತಿದ್ದಳು, ಅಂದರೆ ವೇಷವಿಲ್ಲದೆ ಕೂತಲ್ಲೇ ಪಾತ್ರದ ಮಾತು ಆಡುತ್ತಿದ್ದಳು. ಅಭ್ಯಾಸ ಮುಗಿಯುವ ಹೊತ್ತಿಗೆ ಬಸ್ಸಿಲ್ಲ, ನಾನು ಕರೆದೊಯ್ಯುವವನಲ್ಲ. ಹಾಗಾಗಿ ಹಿಂದಿನ ವರ್ಷ ಒಳ್ಳೆಯದೊಂದು ಪಾತ್ರ ಅವಳ ಕೈ ತಪ್ಪಿತ್ತು. ತಾನೇ ಕಲಿಯುತ್ತೇನೆ ಎಂದಾಗ ನಾನು ರಸ್ತೆಯ ತಿರುವು, ಲಾರಿ, ಮಂಜು, ಅಡ್ಡ ಬರುವ ದನ ಎಲ್ಲದರ ಮೇಲೂ ಉಪನ್ಯಾಸ ಕೊಟ್ಟು ಬಾಯಿ ಮುಚ್ಚಿಸಿದ್ದೆ. ಮತ್ತೆ ಅವಳು ಆ ಮಾತು ಎತ್ತಿರಲಿಲ್ಲ. ಅವಳಿಗೆ ನನ್ನ ಮಾತು ಒಪ್ಪಿಗೆಯಾಗಿದೆ ಎಂದು ನಾನು ತಿಳಿದಿದ್ದೆ.

ಅವಳು ಅಡಿಗೆಮನೆಯಲ್ಲಿ ತಂಬುಳಿಗೆ ರುಬ್ಬುತ್ತಿದ್ದಳು. "ಎನಗೆ ಒಂದು ಮಾತು ಹೇಳಲಾಗ್ತಿತ್ತಿಲ್ಯ?" ಎಂದೆ.

"ಹೇಳಿದ್ರೆ ನಿಂಗ ಬಿಡ್ತಿದ್ರ?" ಎಂದು ಮಿಕ್ಸರ್ ನಿಲ್ಲಿಸಿದಳು.

ನಾನು ಮಾತು ತಿರುಗಿಸಿ, "ನಮ್ಮ ಅಂಗಳದಿಂದಲೇ ಕಾರು ಹೋಗಿ ಬಂದಿದ್ದು ಎನಗೆ ಕೇಳಲ್ಯಲ" ಎಂದೆ.

"ಹೆಡ್‌ಫೋನು ಅಷ್ಟು ಒಳ್ಳೇದಿದ್ದು" ಎಂದಳು. "ಅಂಥದ್ದೇ ತಗಬಾ ಹೇಳಿ ತಮ್ಮಂಗೆ ಆನೇ ಹೇಳಿದ್ದು. ಆಟ ಹಾಕಿಕೊಡು ಹೇಳಿದ್ದೂ ಆನೇ" ಎಂದು ತನ್ನತ್ತ ಬೆರಳು ಮಾಡಿಕೊಂಡಳು.

ನನಗೆ ಸಿಟ್ಟು ಬರಬೇಕಿತ್ತು. ಬರಿಸಿಕೊಳ್ಳಲು ಪ್ರಯತ್ನಿಸಿದೆ ಕೂಡ. ಆದರೆ ಅವಳು ಅಷ್ಟು ದಿನ ಎಷ್ಟು ಹೆದರಿಕೊಂಡು ಹೋಗಿ ಬಂದಿರಬಹುದು ಎಂಬ ಯೋಚನೆ ಅಡ್ಡ ಬಂತು. ಹೆದರಿಕೆ ರಸ್ತೆಯದಲ್ಲ, ನನ್ನದು. ಅದು ಹೊಳೆದ ಮೇಲೆ, "ಮಧ್ಯಾಹ್ನ ಎರಡು ಹಪ್ಪಳ ಸುಡು" ಎಂದಷ್ಟೇ ಹೇಳಿದೆ.

ಮುಂದಿನ ಭಾನುವಾರ ಸಿದ್ದಾಪುರದಲ್ಲಿ ಅವರ ಕೂಟದ ತಾಳಮದ್ದಳೆ. ವಿಜಯಾ ಕಾರು ನಡೆಸಿದಳು, ನಾನು ಪಕ್ಕದಲ್ಲಿ ಕೂತೆ. ಇಲ್ಲದ ಬ್ರೇಕನ್ನು ದಾರಿಯುದ್ದಕ್ಕೂ ತುಳಿದು ನನ್ನ ಬಲಗಾಲಿಗೆ ನೋವು ಬಂದದ್ದು ಬಿಟ್ಟರೆ ಏನೂ ಆಗಲಿಲ್ಲ. ಅವಳು ಅರ್ಥ ಹೇಳಿದ್ದನ್ನು ಜನ ಬಹಳ ಮೆಚ್ಚಿದರು. ಮುಗಿದ ಮೇಲೆ ಚಹಾ ಕೊಡುವಾಗ ಕೂಟದ ಹಿರಿಯರಾದ ಸರಸ್ವತಕ್ಕ ಎಲ್ಲರ ಎದುರು, "ಕಾರು ಬಿಡಲೆ ಯಾರು ಕಲ್ಸಿದ್ವೇ ವಿಜಯಾ?" ಎಂದು ಕೇಳಿದರು.

ನಾನು ಕಂಬದ ಮರೆಗೆ ಸರಿಯಲು ನೋಡಿದೆ. ಆದರೆ ವಿಜಯಾ ನನ್ನತ್ತಲೇ ತಿರುಗಿ, "ಯಮ್ಮನೆಯವು ಇಲ್ದಿದ್ರೆ ಕಲಿಯಲೇ ಆಗ್ತಿತ್ತಿಲ್ಲೆ. ದಿನಾ ಮಧ್ಯಾಹ್ನ ಒಂದೂ ತೊಂದ್ರೆ ಕೊಡದ್ದೆ ಕೋಣೆಲಿ ಕೂತ್ಕತ್ತಿದ್ದ" ಎಂದಳು.

"ಅಂಥ ಗಂಡ ಸಿಗದು ಪುಣ್ಯ" ಎಂದು ಸರಸ್ವತಕ್ಕ ನಿಟ್ಟುಸಿರಿಟ್ಟರು. ಅಲ್ಲಿದ್ದ ಹೆಂಗಸರೆಲ್ಲ ನನ್ನನ್ನು ಗೌರವದಿಂದ ನೋಡಿದರು. ಒಬ್ಬರಂತೂ ತಮ್ಮ ಗಂಡನನ್ನು ಮೊಣಕೈಯಿಂದ ತಿವಿದು ನನ್ನನ್ನು ತೋರಿಸಿದರು. ನಿಜ ಸಂಗತಿ ಹೇಳಿಬಿಡೋಣ ಎಂದು ಬಾಯಿ ತೆರೆದೆ. ಅಷ್ಟರಲ್ಲಿ ಯಾರೋ ಬಾಳೆಕಾಯಿ ಚಿಪ್ಸಿನ ತಟ್ಟೆ ಮುಂದೆ ಹಿಡಿದರು. ತೆರೆದ ಬಾಯಿಯನ್ನು ಅದಕ್ಕೇ ಉಪಯೋಗಿಸಿಕೊಂಡು, "ಅದೆಂತ ದೊಡ್ಡ ವಿಷಯ ಅಲ್ಲ" ಎಂದೆ.