ಮಾತು ಕೇಳುವ ಮನೆ ಮಾರಲು ಹೋಗಿ

ಬೀಗ ತಾನೇ ತೆರೆಯುವ, ದೀಪ ತಾನೇ ಆರುವ 'ಸ್ಮಾರ್ಟ್' ಮನೆ ಮಾರುವ ಕಂಪನಿಯಲ್ಲಿ ಕೆಲಸಕ್ಕಿದ್ದವಳು ನಗೆಪಾಟಲನ್ನು ಹುಡುಕಿಕೊಂಡು ಹೋಗಬೇಕಾಗಿಲ್ಲ, ಅದೇ ಮೆಟ್ಟಿಲು ಹತ್ತಿ ಆಫೀಸಿಗೆ ಬರುತ್ತದೆ. ನಮ್ಮ ಆಫೀಸು ಇದ್ದದ್ದು ಅಮೀರ್‌ಪೇಟ್‌ನಲ್ಲಿ, ಕೋಚಿಂಗ್ ಸೆಂಟರ್ ಒಂದರ ಮೇಲಿನ ಮಹಡಿಯಲ್ಲಿ. ಇದ್ದವರು ಮೂವರು: ತೆಲುಗಿನವರಾದ ಬಾಸ್, ಮೈಸೂರಿನಿಂದ ಬಂದು ಮಾರಾಟ ನೋಡಿಕೊಳ್ಳುತ್ತಿದ್ದ ನಾನು, ಸಾಮಾನು ಜೋಡಿಸುವ ರಾಯಚೂರಿನ ಟೆಕ್ನೀಷಿಯನ್. ಊರೆಲ್ಲ ಐಟಿ ದುಡ್ಡಿನಲ್ಲಿ ಎದ್ದು ನಿಲ್ಲುತ್ತಿದ್ದ ಕಾಲ. ನಮ್ಮ ಕಂಪನಿ ಮಾತ್ರ ಇವತ್ತೋ ನಾಳೆಯೋ ಮುಚ್ಚುವ ಹಾಗಿತ್ತು. ಆ ಭಯ ಹೆಚ್ಚಾದಾಗಲೆಲ್ಲ ಬಾಸ್ ಬೋರ್ಡಿನ ಮೇಲೆ ಹೊಸದೊಂದು ತಂತ್ರ ಬರೆಯುತ್ತಿದ್ದರು. ಅದನ್ನು ಹೊತ್ತು ಮನೆ ಮನೆಗೆ ಹೋಗಬೇಕಾದವರು ನಾವಿಬ್ಬರು.

ಯಾರ ಕಡೆಯ ಯಂತ್ರ?

ಮೊದಲ ತಂತ್ರ: ಮನೆಯಲ್ಲಿ ಒಬ್ಬರನ್ನು ಒಪ್ಪಿಸಿ, ಉಳಿದವರು ತಾವೇ ಒಪ್ಪುತ್ತಾರೆ.

ದಿಲ್‌ಸುಖ್‌ನಗರದಲ್ಲಿ ಕೊಪ್ಪಳದ ಕಡೆಯ ಕುಟುಂಬವೊಂದಿತ್ತು. ಐಟಿ ಕೆಲಸದಲ್ಲಿದ್ದ ಸೊಸೆಯನ್ನು ಒಪ್ಪಿಸಿದೆ. ಬಾಯಲ್ಲಿ ಹೇಳಿದರೆ ದೀಪ ಹತ್ತಿಸುವ ಯಂತ್ರ ಹಾಕಿಸಿಕೊಂಡಳು. ಅದೇ ಕಟ್ಟಡದ ಇನ್ನೂ ಕೆಲವರು, ಇವರ ಮನೇಲಿ ನೋಡಿ ಹೇಳ್ತೀವಿ ಎಂದಿದ್ದರು. ಕೆಲವೇ ದಿನಕ್ಕೆ ಅವಳ ಗಂಡನ ಫೋನು. "ಬೇಗ ಬರ್ರಿ ಮೇಡಂ. ಮನ್ಯಾಗ ಯಾರೂ ಯಾರ ಜೋಡೀನೂ ಮಾತಾಡವಲ್ರು."

ಟೆಕ್ನೀಷಿಯನ್‌ನನ್ನು ಕರೆದುಕೊಂಡು ಹೋದರೆ, ಸಂಜೆ ಕತ್ತಲಲ್ಲಿ ಅತ್ತೆ ಒಬ್ಬರೇ ಸೋಫಾ ಮೇಲೆ ಕೂತಿದ್ದಾರೆ.

"ಲೈಟ್ ಹಚ್ಚು ಅಂತ ಆಗಿಂದ ಹೇಳಾಕತ್ತೀನಿ. ಕಲ್ಲಿನಂಗ ಕುಂತೈತಿ. ಆಕಿ ಒಳಗಿಂದ ಮೆಲ್ಲಕ ಏನರ ಅಂದ್ರ ಸಾಕು, ಹತ್ತತೈತಿ. ಇದು ಯಾರ ಕಡೀದು, ನೀವಾ ಹೇಳ್ರಿ."

ಅದಕ್ಕೆ ಇಂಗ್ಲಿಷ್ ಬಿಟ್ಟು ಬೇರೆ ಬರುವುದಿಲ್ಲ ಎಂದು ಹೇಳುವ ಧೈರ್ಯ ನನಗಾಗಲಿಲ್ಲ. ಇವರು ವಾಪಸ್ ಕೊಟ್ಟರೆ ಇಡೀ ಕಟ್ಟಡ ಕೈಬಿಟ್ಟ ಹಾಗೆ. ಟೆಕ್ನೀಷಿಯನ್ ನೆಲಕ್ಕೆ ಕೂತು, ಆ ಅತ್ತೆಯಮ್ಮನ ದನಿ, ಅವರ ಕನ್ನಡ ಎರಡನ್ನೂ ಯಂತ್ರಕ್ಕೆ ಕಲಿಸತೊಡಗಿದ. ಅವರು ಹೇಳಿದ್ದನ್ನೇ ಹೇಳಿ ಹೇಳಿ ದಣಿದರು. ಸೊಸೆ ಬಾಗಿಲಲ್ಲಿ ಉಗುರು ಕಚ್ಚುತ್ತ ನಿಂತಿದ್ದಳು. ಕೊನೆಗೆ ಅಮ್ಮ "ಲೈಟ್ ಹಚ್ಚು" ಅಂದರು. ಹತ್ತಿತು. "ಆರಸು" ಅಂದರು. ಆರಿತು. ಮತ್ತೆ ಹಚ್ಚಿಸಿ, ಆ ಬೆಳಕಲ್ಲಿ ಮಗನನ್ನು ಒಮ್ಮೆ ದಿಟ್ಟಿಸಿ ನೋಡಿದರು.

"ಭಾಳ ಚಲೋ ಆತು. ಇಂಥಾದ್ದ ಒಂದು ಇವಂಗೂ ಕುಂದರಸ್ರಿ."

ಮಾದರಿ ಫ್ಲಾಟು

ಎರಡನೆಯ ತಂತ್ರ: ಒಂದೊಂದೇ ಮನೆಗೆ ಮಾರುವುದು ಬೇಡ, ಬಿಲ್ಡರನ್ನೇ ಹಿಡಿಯೋಣ, ಇಡೀ ಅಪಾರ್ಟ್‌ಮೆಂಟಿಗೆ ಒಂದೇ ಸಲ.

ಕುಷಾಯಿಗೂಡದಲ್ಲಿ ಅರ್ಧ ಎದ್ದ ಕಟ್ಟಡ. ಮೊದಲ ಮಹಡಿಯ ಮಾದರಿ ಫ್ಲಾಟಿನೊಳಗೆ ಬಿಲ್ಡರ್, ಬಾಸ್, ನಾನು. ಟೆಕ್ನೀಷಿಯನ್ ಚಹಾ ತರಲು ಹೋಗಿದ್ದ. ಬಾಸ್ ಬಾಗಿಲು ಎಳೆದುಕೊಂಡರು. ಬೀಗ ಟಿಕ್ ಎಂದಿತು. "ಇನ್ನು ನಮ್ಮ ಅಪ್ಪಣೆ ಇಲ್ಲದೆ ಒಂದು ನೊಣವೂ ಒಳಗೆ ಬರಲ್ಲ ಸಾರ್."

ನಿಜ, ಬರಲಿಲ್ಲ. ನಾವು ಹೊರಗೆ ಹೋಗುವುದಕ್ಕೂ ಆಗಲಿಲ್ಲ. ಬೀಗ ತೆರೆಯಲು ಬಾಸ್ ಫೋನಿಗೆ ನೆಟ್‌ವರ್ಕ್ ಬೇಕು. ಆ ಹೊಸ ಗೋಡೆಗಳ ನಡುವೆ ಇರಲಿ, ಬಾಲ್ಕನಿಯಲ್ಲೂ ಅದರ ಸುಳಿವೇ ಇಲ್ಲ. ಬಾಸ್ ಬೆನ್ನ ಹಿಂದೆ ಫೋನು ಒತ್ತುತ್ತಲೇ ಪರದೆಯ ಗುಣಗಾನ ಮಾಡಿದರು, ಫ್ಯಾನಿನ ಗುಣಗಾನ ಮಾಡಿದರು, ಹೇಳಲು ಏನೂ ಉಳಿಯದೆ ಕಿಟಕಿಯಿಂದ ಕಾಣುವ ನೋಟದ ಗುಣಗಾನವನ್ನೂ ಮಾಡಿದರು. ಬಿಲ್ಡರಿಗೆ ಬೆವರು ಇಳಿಯತೊಡಗಿತು. ಅಷ್ಟರಲ್ಲಿ ಹೊರಗಿನಿಂದ ಟೆಕ್ನೀಷಿಯನ್ ಬಾಗಿಲು ಬಡಿದ.

"ಬಾಗಿಲಾ ತೆಗೀರಿ, ಚಾ ಆರಾಕತ್ತೈತಿ."

"ನೀವೇ ಏನಾದ್ರೂ ಮಾಡಿ ತೆಗೀರಿ" ಎಂದೆ.

ಅವನು ಬಾಗಿಲನ್ನು ಎರಡು ಸಲ ಅಲ್ಲಾಡಿಸಿದ. ಆಮೇಲೆ, "ನಿಮ್ಮ ಪಾಲಿನ ಚಾ ನಾನಾ ಕುಡೀಲೇನ್ರಿ?" ಎಂದ.

ಬಿಲ್ಡರ್ ಬಾಲ್ಕನಿಗೆ ಹೋಗಿ ಕೂಗಿದರು. ಕೆಳಗೆ ಗಾರೆ ಕೆಲಸದಲ್ಲಿದ್ದವರು ಬಿದಿರಿನ ಏಣಿ ತಂದು ಒರಗಿಸಿದರು. ಬಿಲ್ಡರ್ ದಪ್ಪ ಆಳು. ಅವರು ಒಂದೊಂದು ಮೆಟ್ಟಿಲು ಇಳಿದಾಗಲೂ ಏಣಿ ಕಿರುಗುಟ್ಟುತ್ತಿತ್ತು, ಬಾಸ್ ಉಸಿರು ಹಿಡಿಯುತ್ತಿದ್ದರು. ನೆಲ ಮುಟ್ಟಿದ ಮೇಲೆ ಬಿಲ್ಡರ್ ಪಂಚೆ ಕೊಡವಿ ಮೇಲೆ ನೋಡಿದರು. "ಬೀಗ ಹಾಕಿಸ್ತೀನಿ. ಆದ್ರೆ ಒಂದೊಂದು ಬೀಗದ ಜೊತೆ ಒಂದೊಂದು ಏಣೀನೂ ನೀವೇ ಕೊಡಬೇಕು."

ನಾವೂ ಅದೇ ಏಣಿ ಇಳಿದು ಹೊರಟೆವು. ಕಾರಿನಲ್ಲಿ ಬಾಸ್ ಕಿಟಕಿಯ ಕಡೆ ಮುಖ ಮಾಡಿ ಕೂತರು. ಮನನೊಂದಿದ್ದಾರೆ ಎಂದುಕೊಂಡೆವು. ಆಫೀಸು ಹತ್ತಿರ ಬಂದಾಗ ಕೇಳಿದರು: "ಏಣಿಯನ್ನ ತಿಂಗಳ ಬಾಡಿಗೆಗೆ ಕೊಟ್ಟರೆ ಹೇಗೆ?"

ಯಾರೂ ಇಲ್ಲದ ಮನೆ

ಕೊನೆಯ ತಂತ್ರ: ಸಾಮಾನು ಮಾರುವುದು ಬೇಡ, ನೆಮ್ಮದಿ ಮಾರೋಣ. ಜನ ಎಲ್ಲೇ ಇರಲಿ, ಅವರ ಮನೆಯಲ್ಲಿ ಏನಾಗುತ್ತಿದೆ ಎಂಬುದನ್ನು ಅವರ ಫೋನಿಗೆ ತಿಳಿಸುತ್ತಿರುವುದು.

ದುಡ್ಡು ಹೂಡಲು ಹಿರಿಯರೊಬ್ಬರು ಆಫೀಸಿಗೆ ಬಂದರು. ಅವರು ಬೇಡ ಎಂದರೆ ಆ ವಾರವೇ ಬಾಗಿಲು ಹಾಕುವುದೆಂದು ಬಾಸ್ ನಮಗೆ ಮೊದಲೇ ಹೇಳಿದ್ದರು. ಬಾಸ್ ತಮ್ಮ ಮನೆಯನ್ನೇ ಉದಾಹರಣೆಗೆ ಇಟ್ಟುಕೊಂಡು, ಫೋನನ್ನು ದೊಡ್ಡ ಪರದೆಗೆ ಜೋಡಿಸಿದರು.

"ನೋಡಿ ಸಾರ್, ಹೆಂಡತಿ ಕೆಲಸಕ್ಕೆ ಹೋಗಿದ್ದಾಳೆ. ಅಪ್ಪ ಪಾರ್ಕಿನಲ್ಲಿದ್ದಾರೆ. ಮನೇಲಿ ಯಾರೂ ಇಲ್ಲ. ಆದರೂ ನನಗೆ ನಿಶ್ಚಿಂತೆ."

ಪರದೆಯ ಮೇಲೆ ಬಂತು: ಮುಂಬಾಗಿಲು ತೆರೆದಿದೆ.

ಬಾಸ್ ನಕ್ಕು, ಹೆಂಡತಿ ಬೇಗ ಬಂದಿರಬೇಕು ಎಂದು ಫೋನ್ ಮಾಡಿದರು. ಆಕೆ ಆಫೀಸಿನಲ್ಲೇ ಇದ್ದರು. ಅಡುಗೆಮನೆಯಲ್ಲಿ ಓಡಾಟ, ಎಂದಿತು ಪರದೆ.

"ಕಳ್ಳ ಅಡಗಿಮನ್ಯಾಗ ಯಾಕ ಹೊಕ್ಕಾನ್ರಿ?" ಟೆಕ್ನೀಷಿಯನ್ ನನ್ನ ಕಿವಿಯಲ್ಲಿ ಕೇಳಿದ.

ಫ್ರಿಜ್ ತೆರೆದಿದೆ.

ಹಿರಿಯರು ಕುರ್ಚಿಯ ತುದಿಗೆ ಬಂದರು. "ಮೊದಲು ಪೊಲೀಸರಿಗೆ ಹೇಳಿ." ಬಾಸ್ ಮನೆಯ ಕ್ಯಾಮೆರಾ ತೆರೆದರು.

ಪರದೆಯ ತುಂಬ ಅವರ ಅಪ್ಪ. ಫ್ರಿಜ್ಜಿಗೆ ಒರಗಿ, ಖುಬಾನಿ ಕಾ ಮೀಠಾ ಎಂಬ ಸಿಹಿಯ ಬಟ್ಟಲಿಗೇ ಚಮಚ ಹಾಕಿ ತಿನ್ನುತ್ತಿದ್ದಾರೆ. ಸಿಹಿ ಮುಟ್ಟಲೇಬಾರದು ಎಂದು ಡಾಕ್ಟರು ಕಟ್ಟಪ್ಪಣೆ ಮಾಡಿದ್ದ ಮನುಷ್ಯ. ಬಾಸ್‌ಗೆ ಎದುರಿಗೆ ಯಾರಿದ್ದಾರೆಂಬುದೇ ಮರೆತುಹೋಯಿತು. ಕ್ಯಾಮೆರಾದ ಸ್ಪೀಕರಿನಲ್ಲೇ ಅಪ್ಪನನ್ನು ಕೂಗಿ ಕೇಳಿಬಿಟ್ಟರು: "ನಾನ್ನಾ, ಅಲ್ಲೇನು ಮಾಡ್ತಿದ್ದೀರಿ?"

ಅವರು ಬೆಚ್ಚಲಿಲ್ಲ. ಬಾಯಲ್ಲಿದ್ದದ್ದನ್ನು ನುಂಗಿ, ನಿಧಾನವಾಗಿ ಕ್ಯಾಮೆರಾ ಕಡೆ ತಿರುಗಿದರು. "ಕಳ್ಳ ಬಂದಿದ್ದಾನೇನೋ ಅಂತ ನೋಡ್ತಿದ್ದೆ" ಎಂದು, ಹೆಗಲ ಮೇಲಿನ ಟವೆಲನ್ನು ಕ್ಯಾಮೆರಾಕ್ಕೆ ಹೊದಿಸಿದರು. ಪರದೆ ಕಪ್ಪಾಯಿತು.

ನಮ್ಮ ಕೆಲಸ ಹೋಯಿತೆಂದೇ ಅಂದುಕೊಂಡೆ. ಹಿರಿಯರು ತಾವೇ ಕೇಳಿ ತರಿಸಿಕೊಂಡಿದ್ದ ಸಕ್ಕರೆ ಇಲ್ಲದ ಚಹಾದ ಕಪ್ಪನ್ನು ಪಕ್ಕಕ್ಕೆ ಸರಿಸಿದರು.

"ನಮ್ಮ ಮನೇಲಿ ಹಾಕಿದ್ರೂ ಹೀಗೇ ಎಲ್ಲ ಕಾಣುತ್ತಾ?"

"ಇನ್ನೂ ಸ್ಪಷ್ಟವಾಗಿ ಸಾರ್" ಎಂದರು ಬಾಸ್, ಸೋತ ದನಿಯಲ್ಲಿ.

"ನನ್ನ ಹೆಂಡತಿ ಫೋನಲ್ಲೂ?"

"ಮನೆಯವರೆಲ್ಲರ ಫೋನಲ್ಲೂ."

ಹಿರಿಯರು ಕಪ್ಪು ಪರದೆಯ ಕಡೆ ನೋಡಿ, ದನಿ ತಗ್ಗಿಸಿದರು.

"ಸರಿ, ದುಡ್ಡು ಹಾಕ್ತೀನಿ. ಒಂದೇ ಷರತ್ತು. ಇಂಥದ್ದೊಂದು ಕಂಪನಿ ಇದೆ ಅನ್ನೋದು ನನ್ನ ಹೆಂಡತಿಗೆ ಗೊತ್ತಾಗಬಾರದು."